ಯಾರೂ ವಾಪಸು ಕೇಳದ ಫೋಟೋಗಳು

ಕಣ್ಣಿನ ಆಪರೇಷನ್ ಆದ ಮೇಲೆ ತಾತನಿಗೆ ಮನೆಯ ಸಣ್ಣಪುಟ್ಟ ಕೊಳೆಯೆಲ್ಲ ಕಾಣತೊಡಗಿತು. ಲೋಟದ ಅಂಚಿನ ಚಹಾ ಕಲೆ, ಕಿಟಕಿಯ ಮೂಲೆಯ ಜೇಡರ ಬಲೆ, ಬಸ್ ಡಿಪೋದಿಂದ ಬಂದ ಮಗನ ತೋಳಿಗೆ ಹತ್ತಿದ ಗ್ರೀಸು, ಒಂದೊಂದನ್ನೂ ಬೆರಳು ಮಾಡಿ ತೋರಿಸಿದರು. ಸೊಸೆಗೆ ಬೇಸರವಾಗಲಿಲ್ಲ. ಇಷ್ಟೆಲ್ಲ ಕಾಣುತ್ತಿದೆಯಲ್ಲ, ಹೊಸ ಆಲ್ಬಮ್ ತೋರಿಸುವುದಕ್ಕೆ ಇದೇ ಸಮಯ ಎಂದುಕೊಂಡು, ಊಟದ ತಟ್ಟೆಗಳನ್ನು ತೆಗೆಯುವ ಮೊದಲೇ ಅದನ್ನು ತಂದು ಅವರ ಮಡಿಲಲ್ಲಿಟ್ಟಳು.

ಹಳೆಯ ಆಲ್ಬಮ್ಮಿನ ಹಾಳೆಗಳು ಕಪ್ಪು ರಟ್ಟಿನವು. ಅಂಟು ಒಣಗಿ, ಎತ್ತಿದರೆ ಸಾಕು ಫೋಟೋಗಳು ಉದುರುತ್ತಿದ್ದವು. ಎಲ್ಲವೂ ಯುದ್ಧದ ಕಾಲದ ಹುಡುಗರವು. ತಾತ ಆಗ ಒಂದು ಭಾರಿ ಬಾಂಬರ್ ಸ್ಕ್ವಾಡ್ರನ್ನಿನಲ್ಲಿ ಫಿಟ್ಟರ್ ಆಗಿದ್ದರು. ಹಾರಿದವರಲ್ಲ, ಹಾರುವವರ ಎಂಜಿನ್ನುಗಳನ್ನು ನೋಡಿಕೊಂಡವರು. ಆ ಆಲ್ಬಮ್ಮನ್ನು ಅವರು ಒಬ್ಬರೇ ಕೂತು ನೋಡುವರು, ನೋಡಿ ಕಪಾಟಿನಲ್ಲಿಡುವರು. ಅವರು ಆಸ್ಪತ್ರೆಯಲ್ಲಿದ್ದಾಗ ಸೊಸೆ ಫೋಟೋಗಳನ್ನೆಲ್ಲ ಬಿಡಿಸಿ, ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಪ್ಲಾಸ್ಟಿಕ್ ಜೇಬುಗಳ ಹೊಸ ಆಲ್ಬಮ್ಮಿಗೆ ಸೇರಿಸಿದ್ದಳು. ಹೊಸ ಕಣ್ಣಿಗೆ ಹೊಸದಾಗಿ ಕಾಣಲಿ ಎಂಬುದಷ್ಟೇ ಅವಳ ಆಸೆ.

ತಾತ ಒಂದು ಪುಟ ತಿರುವಿದರು. ಇನ್ನೊಂದು ತಿರುವಿದರು. ಮತ್ತೆ ಮೊದಲಿನದಕ್ಕೆ ಬಂದರು.

"ಇವರೆಲ್ಲ ಯಾರು?"

"ನಿಮ್ಮ ಹುಡುಗರೇ ಮಾವ. ನೋಡಿ, ಈಗ ಎಷ್ಟು ಚೆನ್ನಾಗಿ ಕಾಣ್ತಾರೆ."

"ನನ್ನ ಹುಡುಗರು ಹೀಗೆ ಕೂರೋದಿಲ್ಲ," ಎಂದು ತಾತ ಆಲ್ಬಮ್ ಮುಚ್ಚಿದರು.

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಕಣ್ಣು ಬಂತು, ನೆನಪು ಹೋಯಿತು ಎಂದು ಮಗ ಅಡುಗೆಮನೆಗೆ ಬಂದು ಪಿಸುಗುಟ್ಟಿದ. ಅರಿವಳಿಕೆ ಕೊಟ್ಟ ಮೇಲೆ ವಯಸ್ಸಾದವರಿಗೆ ಹೀಗಾಗುವುದುಂಟು ಎಂದು ಡಿಪೋದಲ್ಲಿ ಯಾರೋ ಹೇಳಿದ್ದರಂತೆ. ಅವನು ತಂಗಿಗೆ ಫೋನು ಮಾಡಿದ.

ತಂಗಿ ಮರುದಿನ ಮಧ್ಯಾಹ್ನವೇ ಕಿತ್ತಳೆಹಣ್ಣಿನ ಚೀಲ ಹಿಡಿದುಕೊಂಡು ಬಂದಳು. ಇವತ್ತು ಯಾವ ವಾರ, ನಾನು ಯಾರು, ನನ್ನ ಮಗ ಏನು ಓದಿದ್ದಾನೆ ಎಂದು ಅಪ್ಪನನ್ನು ಸಾಲಾಗಿ ಕೇಳಿದಳು. ತಾತ ಎಲ್ಲಕ್ಕೂ ಸರಿಯಾಗಿಯೇ ಉತ್ತರ ಕೊಟ್ಟು, "ನಿಮ್ಮಮ್ಮನ ಗೋಡೆ ಗಡಿಯಾರ ರಿಪೇರಿಗೆ ಅಂತ ತಗೊಂಡು ಹೋದೆಯಲ್ಲ, ಅದು ಈಗ ಯಾರ ಮನೆ ಗೋಡೆ ಮೇಲಿದೆ, ಅದನ್ನೂ ಹೇಳ್ಲಾ?" ಎಂದರು. ಮಗಳು ಕಿತ್ತಳೆ ಸುಲಿಯುವುದಕ್ಕೆ ಕೂತಳು.

ಸಂಜೆ ಮೊಮ್ಮಗಳು, ಸೊಸೆಯ ಮಗಳು, ಬಂದಳು. ಅವಳು ಹಲ್ಲಿನ ಸೆಟ್ಟು ಮಾಡುವ ಕೆಲಸ ಕಲಿಯುತ್ತಿದ್ದಳು. ಬಂದವಳೇ ಕೈ ತೊಳೆದು, ತಾತನ ಎದುರು ಕುರ್ಚಿ ಎಳೆದುಕೊಂಡಳು.

"ತಾತ, ಮೊದಲು ಅವರು ಹೇಗೆ ಕೂರ್ತಿದ್ರು?"

ಇಷ್ಟು ವರ್ಷದಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. ತಾತ ಊಟದ ಮೇಜಿನ ಮೇಲಿದ್ದ ಉದ್ದನೆಯ ಬ್ರೆಡ್ಡನ್ನು ಮುಂದಕ್ಕೆ ಎಳೆದುಕೊಂಡರು. ಇದು ವಿಮಾನ. ಇಲ್ಲಿ ಪೈಲಟ್, ಅವನ ಪಕ್ಕ ಎಂಜಿನ್ ನೋಡುವವನು, ಮೂತಿಯಲ್ಲಿ ಬಾಂಬು ಬೀಳಿಸುವವನು. ಹಿಂದೆ ನಕ್ಷೆಯವನು, ರೇಡಿಯೋದವನು. ಬೆನ್ನ ಮೇಲಿನ ಗಾಜಿನ ಗೂಡಿನಲ್ಲಿ ಒಬ್ಬ ಬಂದೂಕಿನವನು. ಇಷ್ಟಕ್ಕೂ ಉಪ್ಪಿನ ಡಬ್ಬಿ, ಲೋಟ, ಕಿತ್ತಳೆ ತೊಳೆ ಎಂದು ಏನೇನೋ ಇಟ್ಟರು. ಕೊನೆಗೆ ಒಂದು ಚಮಚವನ್ನು ಬ್ರೆಡ್ಡಿನ ತುದಿಗೆ, ಉಳಿದವರಿಂದ ದೂರ ಇಟ್ಟು, ಇವನು ಬಾಲದ ಬಂದೂಕಿನವನು ಎಂದರು. ಹಳೆಯ ಆಲ್ಬಮ್ಮಿನ ಒಂದೊಂದು ಹಾಳೆ ಒಂದೊಂದು ವಿಮಾನ. ಅದರಲ್ಲಿ ಅವರು ಕೂರುತ್ತಿದ್ದ ಹಾಗೆಯೇ ಫೋಟೋ ಅಂಟಿಸಿ, ಕೆಳಗೆ ಬಿಳಿ ಪೆನ್ಸಿಲಿನಲ್ಲಿ ಹೆಸರು ಬರೆದಿದ್ದರು.

ಆ ಫೋಟೋಗಳು ಅವರ ಕೈಗೆ ಬಂದದ್ದೂ ಒಂದು ಪದ್ಧತಿಯಿಂದ. ಹೊಸ ತಂಡ ಬಂದರೆ ಮೊದಲ ಸಲ ಹಾರುವ ಮುಂಚೆ ಏಳೂ ಜನ ತಂತಮ್ಮ ಫೋಟೋವನ್ನು ತಮ್ಮ ವಿಮಾನದ ಫಿಟ್ಟರನ ಕೈಗೆ ಕೊಡುವರು. ನಮ್ಮ ಸರದಿಯ ಹಾರಾಟಗಳೆಲ್ಲ ಮುಗಿದ ಮೇಲೆ ವಾಪಸು ಇಸ್ಕೊತೀವಿ, ಜೋಪಾನ ಎನ್ನುವರು. ಸರದಿ ಮುಗಿಸಿದವರು ಬಂದು ಇಸಿದುಕೊಂಡು ಹೋದರು. ಯುದ್ಧ ಮುಗಿದಾಗ ಬೇರೆ ಫಿಟ್ಟರುಗಳೂ ತಮ್ಮಲ್ಲಿ ಉಳಿದದ್ದನ್ನು ತಂದು ತಾತನಿಗೇ ಒಪ್ಪಿಸಿದರು.

"ಅಂದ್ರೆ ಇದರಲ್ಲಿರೋರೆಲ್ಲ..." ಎಂದಳು ಮೊಮ್ಮಗಳು.

"ಇಸ್ಕೊಳ್ಳೋಕೆ ಬರಲಿಲ್ಲ."

ಸೊಸೆ ಬಾಗಿಲ ಹತ್ತಿರ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಅವಳು ಶೂ ಅಂಗಡಿಯ ಗೋದಾಮು ನೋಡಿಕೊಳ್ಳುವವಳು. ಅಲ್ಲಿ ಎಲ್ಲವೂ ಅಳತೆಯ ಪ್ರಕಾರ. ಫೋಟೋಗಳನ್ನೂ ಹಾಗೆಯೇ ಜೋಡಿಸಿದ್ದಳು. ದೊಡ್ಡವು ಮೊದಲು, ಆಮೇಲೆ ನಡುವಿನವು, ಸಣ್ಣವು ಕೊನೆಗೆ. ಹಾಗೆ ಜೋಡಿಸಿದರೆ ಜೇಬಿನಲ್ಲಿ ಜಾರುವುದಿಲ್ಲ ಎಂದು.

"ಏಳು ಏಳು ಜನ ಒಟ್ಟಿಗೆ ಹೋದವರಮ್ಮ," ಎಂದರು ತಾತ. "ನೀನು ಸೈಜು ನೋಡಿ ಬೇರೆ ಬೇರೆ ಮಾಡ್ಬಿಟ್ಟೆ." ಹಾಗೆಂದವರು, ಅವಳ ಮುಖ ನೋಡಿ, ನನಗೆ ಇನ್ನೊಂದು ತುಂಡು ಬ್ರೆಡ್ ಕೊಡ್ತೀಯಾ ಎಂದು ಕೇಳಿದರು. ಅವರಿಗೆ ಹಸಿವೇನೂ ಇದ್ದಂತಿರಲಿಲ್ಲ. ಅವಳ ಕೈಗೊಂದು ಕೆಲಸ ಸಿಕ್ಕಿತು.

ನಾದಿನಿ ಸುಮ್ಮನಿರಲಿಲ್ಲ. "ನಮ್ಮಪ್ಪನ್ನೂ ಅಳತೆ ತೆಗೆದು ಯಾವುದಾದ್ರೂ ಡಬ್ಬೀಲಿ ಹಾಕೀರಿ ಅತ್ತಿಗೆ, ಸ್ವಲ್ಪ ನೋಡ್ಕೊಳ್ಳಿ."

ಸೊಸೆ ಒಳಗೆ ಹೋಗಿ ಒಂದು ಶೂ ಡಬ್ಬಿ ತಂದು ಮೇಜಿನ ಮೇಲಿಟ್ಟಳು. ಕಪ್ಪು ಹಾಳೆಗಳು ಅದರಲ್ಲಿದ್ದವು. ಜೋಡಿ ಮಾರಾಟವಾಗುವ ತನಕ ಖಾಲಿ ಡಬ್ಬಿಯನ್ನೂ ಎಸೆಯದ ಅಭ್ಯಾಸ ಅವಳದು.

ಅಂದಿನಿಂದ ಊಟದ ಮೇಜು ಊಟಕ್ಕೆ ಸಿಗದಂತಾಯಿತು. ಹಾಳೆಗಳ ಮೇಲೆ ಫೋಟೋ ಇದ್ದ ಜಾಗ ಚೌಕವಾಗಿ ಕಡುಗಪ್ಪಾಗಿ ಉಳಿದಿತ್ತು, ಸುತ್ತಲಿನದು ಮಾಸಿತ್ತು. ಫೋಟೋಗಳ ಅಂಚನ್ನು ತಾತ ತಗಡು ಕತ್ತರಿಸುವ ಕತ್ತರಿಯಲ್ಲಿ ತಮಗೆ ತೋಚಿದಂತೆ ಕತ್ತರಿಸಿದ್ದರಿಂದ ಒಂದರ ಹಾಗೆ ಇನ್ನೊಂದಿರಲಿಲ್ಲ. ಬೆನ್ನಿನ ಅಂಟಿನ ಕಲೆಯನ್ನು ಹಾಳೆಯ ಕಲೆಗೆ ಹೊಂದಿಸಿ, ಮೂಲೆಗೆ ಮೂಲೆ ಕೂಡಿಸಿದರೆ ಒಬ್ಬೊಬ್ಬನೇ ತನ್ನ ಜಾಗಕ್ಕೆ ಬಂದು ಕೂರುತ್ತಿದ್ದ. ಅಂಗಡಿಯಿಂದ ಬಂದು ಪಾತ್ರೆ ತೊಳೆದ ಮೇಲೆ ಸೊಸೆಗೆ ಅದೇ ಕೆಲಸ. ಮೊಮ್ಮಗಳು ಲ್ಯಾಬಿನಿಂದ ಸಣ್ಣ ಭೂತಗನ್ನಡಿ ತಂದಳು.

ಮನೆಯವರೆಲ್ಲ ಮೆಟ್ಟಿಲ ಮೇಲೆ ಕೂತು, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣತೊಡಗಿದರು. ಮಗ ಎರಡು ಸಲ ಪ್ಯಾಂಟಿನ ಮೇಲೆ ಮೊಟ್ಟೆ ಚೆಲ್ಲಿಕೊಂಡು ಗೊಣಗಿದ. ಸತ್ತವರಿಗೆ ಮೇಜು, ಬದುಕಿರೋರಿಗೆ ಮೆಟ್ಟಿಲು ಎಂದ. ಆದರೆ ವಾರದ ಕೊನೆಗೆ ಡಿಪೋದಿಂದ ಎಂಜಿನ್ ಕೆಳಗೆ ಹಿಡಿಯುವ ಕೈದೀಪವೊಂದನ್ನು ತಂದು, ಹೆಂಡತಿಯ ಕುರ್ಚಿಯ ಬೆನ್ನಿಗೆ ಕಟ್ಟಿದ.

ಅವಸರಕ್ಕೆ ಕಾರಣವೂ ಇತ್ತು. ಊರಾಚೆಯ ಹಳೆಯ ವಿಮಾನ ನಿಲ್ದಾಣದಲ್ಲಿ ಈಗ ಕಾರು ಕಲಿಸುತ್ತಾರೆ. ಅಲ್ಲಿ ಉಳಿದಿದ್ದ ಒಂದೇ ಒಂದು ತಗಡಿನ ಮನೆಯನ್ನು ಗುಡಿಸಿ ಸಾರಿಸಿ, ಸ್ಕ್ವಾಡ್ರನ್ನಿನ ಇತಿಹಾಸದ ಕೋಣೆ ಮಾಡಲು ನಿವೃತ್ತ ಮೇಷ್ಟ್ರೊಬ್ಬರು ಹೊರಟಿದ್ದರು. ತಾತ ಆಲ್ಬಮ್ಮನ್ನು ಅವರಿಗೆ ಕೊಡುವುದಾಗಿ ಮಾತು ಕೊಟ್ಟಿದ್ದರು. ಮುಂದಿನ ತಿಂಗಳು ಕೋಣೆ ತೆರೆಯುವುದಿತ್ತು. ಹಾಳೆಗಳನ್ನು ಗೋಡೆಗೆ ಹಾಕಿ, ಓದಲು ಸುಲಭವಾಗಲೆಂದು ಪ್ರತಿ ಫೋಟೋದ ಕೆಳಗೂ ಅಚ್ಚು ಹಾಕಿಸಿದ ಹೆಸರು ಅಂಟಿಸುವುದು ಮೇಷ್ಟ್ರ ಯೋಚನೆ. ಆ ಸ್ಕ್ವಾಡ್ರನ್ನಿನವರಲ್ಲಿ ಬದುಕಿ ಉಳಿದು ಮೇಷ್ಟ್ರಿಗೆ ಸಿಕ್ಕವರು ತಾತ ಒಬ್ಬರೇ.

ಒಂದೊಂದೇ ಹಾಳೆ ತುಂಬಿತು. ಸೊಸೆಯ ಮುಖವೂ ಗೆಲುವಾಯಿತು. ಕೊನೆಗೆ ಉಳಿದದ್ದು ಒಂದೇ ಹಾಳೆಯ ಎರಡು ಜಾಗ, ಎರಡು ಫೋಟೋ. ಬೆನ್ನ ಮೇಲಿನ ಗೂಡಿನವನು ಮತ್ತು ಬಾಲದವನು. ಇಬ್ಬರೂ ಗೆಳೆಯರಾಗಿರಬೇಕು, ಒಂದೇ ದಿನ ಒಂದೇ ಸ್ಟುಡಿಯೋಗೆ ಹೋಗಿದ್ದರು. ಹಿಂದೆ ಅದೇ ಪರದೆ, ಅದೇ ಕುರ್ಚಿ. ಸ್ಟುಡಿಯೋದವನೇ ಕತ್ತರಿಸಿ ಕೊಟ್ಟಿದ್ದರಿಂದ ಅಂಚಿನಲ್ಲೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲ. ತಾತ ಅವಕ್ಕೆ ಕತ್ತರಿ ತಾಗಿಸಿರಲಿಲ್ಲ. ಇವೆರಡರ ಬೆನ್ನಿನ ಅಂಟನ್ನಂತೂ ಸೊಸೆ ಮೊದಲ ದಿನವೇ ಒದ್ದೆ ಬಟ್ಟೆಯಲ್ಲಿ ಚೊಕ್ಕವಾಗಿ ಒರೆಸಿಬಿಟ್ಟಿದ್ದಳು.

ಅದೇ ಹೊತ್ತಿಗೆ ಫೋನು ಬಂತು. ಮೇಷ್ಟ್ರು ನಂಬರು ಕೊಟ್ಟರು ಎಂದು ಒಬ್ಬ ಮುದುಕಿಯ ದನಿ. ಸೊಸೆಯೇ ಎತ್ತಿಕೊಂಡಳು. ಆಕೆ ಆ ಹಾಳೆಯ ಬಾಲದ ಬಂದೂಕಿನವನ ತಂಗಿ. ಅಣ್ಣ ಹೋದಾಗ ಮೂರು ವರ್ಷದವಳು, ಮುಖ ನೆನಪಿಲ್ಲ. ಇದ್ದ ಒಂದು ಫೋಟೋವನ್ನು ಅಮ್ಮ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದಳು, ಮಕ್ಕಳಿಗೂ ತೋರಿಸುತ್ತಿರಲಿಲ್ಲ. ಅಮ್ಮ ತೀರಿಕೊಂಡಾಗ ಅದನ್ನೂ ಅವಳ ಜೊತೆಗೇ ಇಟ್ಟು ಕಳಿಸಿದರು. ನಿಮ್ಮಲ್ಲಿ ಅವನ ಫೋಟೋ ಇದೆಯಂತೆ, ಒಂದು ಸಲ ಬಂದು ನೋಡಲೇ ಎಂದು ಆಕೆ ಕೇಳಿದಳು. ಬನ್ನಿ ಎಂದ ಸೊಸೆ ಫೋನಿಟ್ಟು, ಗೋಡೆಗೆ ಒರಗಿ ನಿಂತಳು.

ತಾತನನ್ನು ಕೇಳಿದರು. ಭಾನುವಾರ ತಾತ ಎಡಗಡೆಯವನೇ ಬಾಲದವನು ಎಂದರು. ಮಂಗಳವಾರ ಬಲಗಡೆಯವನು ಎಂದರು. ಎರಡು ಸಲವೂ ಸ್ವಲ್ಪವೂ ಅನುಮಾನವಿಲ್ಲದೆ ಹೇಳಿದರು. ಗುರುವಾರ ಇಬ್ಬರನ್ನೂ ಬಹಳ ಹೊತ್ತು ನೋಡಿ, ಇವರು ಇಷ್ಟು ಚಿಕ್ಕ ಹುಡುಗರಾ ಎಂದು ಕೇಳಿದರು. ಹಾಳೆ ನೋಡುವಾಗ ಹೆಸರು ಕೆಳಗಿರುತ್ತಿತ್ತು. ಜಾಗ ನೋಡಿ ಮುಖ ಗುರುತಿಸುತ್ತಿದ್ದರೋ, ಮುಖ ನೋಡಿ ಜಾಗ ಹೇಳುತ್ತಿದ್ದರೋ, ಈಗ ಅವರಿಗೇ ತಿಳಿಯದಾಗಿತ್ತು.

ಮೊಮ್ಮಗಳು ಭೂತಗನ್ನಡಿ ಹಿಡಿದು ದವಡೆ ನೋಡಿದಳು. ಒಬ್ಬನ ಮುಂದಿನ ಹಲ್ಲು ಸ್ವಲ್ಪ ಸೊಟ್ಟ. ಆ ಅಜ್ಜಿಯ ಹಲ್ಲು ನೋಡಿದರೆ ಗೊತ್ತಾಗಬಹುದು ಎಂದಳು. ಆ ವಯಸ್ಸಿಗೆ ಹಲ್ಲು ನಿನ್ನಂಥವರೇ ಮಾಡಿಕೊಟ್ಟಿರೋದು ಕಣೇ ಎಂದ ಅವಳಪ್ಪ.

ಮಗನಿಗೆ ಇದೆಲ್ಲ ಸಾಕಾಗಿತ್ತು. ಆಲೂಗಡ್ಡೆ ಸುಲಿಯುತ್ತಿದ್ದ ಹೆಂಡತಿಯ ಪಕ್ಕ ನಿಂತು ಹೇಳಿದ. "ಯಾವುದಾದ್ರೂ ಒಂದು ಕೊಡು. ಪಾಪ, ಆ ಮುದುಕಿ ನೋಡಿ ಸಮಾಧಾನವಾಗಿ ಹೋಗ್ಲಿ. ಅವಳಿಗೇನು ಗೊತ್ತಾಗತ್ತೆ?"

"ನನಗೆ ಗೊತ್ತಿರತ್ತಲ್ಲ ರೀ."

"ಎರಡರಲ್ಲಿ ಒಂದು ಸರಿ ಇದ್ದೇ ಇರತ್ತೆ."

"ಇನ್ನೊಂದು ತಪ್ಪೂ ಇರತ್ತೆ. ಆಮೇಲೆ ಆ ಇನ್ನೊಬ್ಬನ ಗತಿ? ಬೇರೆಯವನ ಹೆಸರು ಹೊತ್ಕೊಂಡು ಗೋಡೆ ಮೇಲಿರ್ತಾನೆ."

"ಅವನನ್ನ ಕೇಳ್ಕೊಂಡು ಯಾರೂ ಬಂದಿಲ್ಲ."

ಆಲೂಗಡ್ಡೆಯ ಸಿಪ್ಪೆ ಬೇಕಾದದ್ದಕ್ಕಿಂತ ದಪ್ಪವಾಗಿ ಬೀಳುತ್ತಿತ್ತು. ಗಂಡ ಅವಳ ಕೈಯಿಂದ ಚಾಕು ತೆಗೆದುಕೊಂಡು ತಾನೇ ಸುಲಿಯತೊಡಗಿದ.

ಮೇಷ್ಟ್ರು ಎರಡು ದಿನಕ್ಕೊಮ್ಮೆ ಫೋನು ಮಾಡುತ್ತಿದ್ದರು. ಪ್ರೆಸ್ಸಿನವನು ಕಾಯುತ್ತಿದ್ದಾನೆ, ಬೇರೆಲ್ಲ ಆಯಿತು, ಈ ಎರಡೇ ಹೆಸರು. ಗೊತ್ತಿಲ್ಲ ಎಂದು ಗೋಡೆಯ ಮೇಲೆ ಬರೆದರೆ ನೋಡುವವರು ಉಳಿದದ್ದನ್ನೂ ನಂಬುವುದಿಲ್ಲ ಎಂಬುದು ಅವರ ಭಯ. ಅವರ ಮಾತೂ ಸೊಸೆಗೆ ತಪ್ಪೆನಿಸುತ್ತಿರಲಿಲ್ಲ. ಗಂಡನದೂ ತಪ್ಪೆನಿಸುತ್ತಿರಲಿಲ್ಲ. ಅಂಗಡಿಯಲ್ಲಿ ಅವಳು ಒಬ್ಬ ಗಿರಾಕಿಗೆ ಎರಡೂ ಎಡಗಾಲಿನ ಶೂ ಕಟ್ಟಿಕೊಟ್ಟಳು. ಅವನು ತಿರುಗಿ ಬಂದಾಗ ಮಾಲೀಕರು ಬೈಯಲಿಲ್ಲ, ನೀವು ಎರಡು ದಿನ ಮನೆಯಲ್ಲಿರಿ ಎಂದರು.

ಬಾಲದವನ ತಂಗಿ ಬಂದದ್ದು ಆ ಎರಡು ದಿನಗಳಲ್ಲೇ. ಮಗ ಬಸ್ ನಿಲ್ದಾಣಕ್ಕೆ ಹೋಗಿ ಕರೆದುಕೊಂಡು ಬಂದ. ಪುಟ್ಟ ಆಳು, ಕೈಯಲ್ಲಿ ಬಿಸ್ಕತ್ತಿನ ಡಬ್ಬಿ. ಒಳಗೆ ಬಂದವಳು ಗೋಡೆಗಳನ್ನೆಲ್ಲ ನೋಡಿದಳು, ಅಣ್ಣ ಎಲ್ಲೋ ತೂಗುಹಾಕಿರಬಹುದೆಂಬಂತೆ. ನಾದಿನಿಯೂ ಬಂದಿದ್ದಳು. ಅವತ್ತು ಅವಳೇ ಚಹಾ ಮಾಡಿದಳು, ಅತ್ತಿಗೆಗೆ ಸಕ್ಕರೆ ಒಂದು ಚಮಚ ಹೆಚ್ಚು ಹಾಕಿದಳು.

ಮೇಜಿನ ಮೇಲೆ ಆ ಒಂದು ಹಾಳೆ. ಐದು ಜನ ತಮ್ಮ ಜಾಗದಲ್ಲಿ, ಎರಡು ಜಾಗ ಖಾಲಿ. ಪಕ್ಕದಲ್ಲಿ ಎರಡು ಫೋಟೋ. ಸೊಸೆ ಕೂರಲಿಲ್ಲ, ನಿಂತೇ ಎಲ್ಲವನ್ನೂ ಹೇಳಿದಳು. ಬಿಡಿಸಿದವಳು ನಾನು, ಅಂಟು ಒರೆಸಿದವಳೂ ನಾನು, ಇವರಿಬ್ಬರಲ್ಲಿ ಒಬ್ಬರು ನಿಮ್ಮಣ್ಣ, ಯಾರೆಂದು ನಮಗೆ ಹೇಳಲಾಗುತ್ತಿಲ್ಲ ಎಂದಳು.

ಮುದುಕಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅವಳು ತಾತನ ಕಡೆ ತಿರುಗಿದಳು.

"ನೀವು ಅವನನ್ನ ದಿನಾ ನೋಡ್ತಿದ್ರಲ್ಲ?"

ತಾತ ಬಹಳ ಮೆಲ್ಲಗೆ ಹೇಳಿದರು. ಅವರೆಲ್ಲ ಬರುವಾಗ ಮಬ್ಬುಗತ್ತಲು, ಮೈತುಂಬ ದಪ್ಪ ಉಡುಪು, ತಲೆಗೆ ಟೊಪ್ಪಿ, ಮೂಗಿನ ತನಕ ಪಟ್ಟಿ. ಹತ್ತಿದ ಮೇಲೆ ಆರು ಜನರಿಗೆ ಫಿಟ್ಟರುಗಳ ಕಡೆ ನೋಡಲು ಪುರುಸೊತ್ತಿಲ್ಲ. ಬಾಲದವನೊಬ್ಬ ಮಾತ್ರ ಹಿಂದಕ್ಕೆ ಮುಖ ಮಾಡಿ ಕೂರುವವನು. ವಿಮಾನ ಓಡತೊಡಗಿದರೆ ಅವನು ಕೊನೆಯ ತನಕ ಇವರನ್ನೇ ನೋಡುತ್ತಿರುತ್ತಾನೆ, ಕೈ ಎತ್ತುತ್ತಾನೆ.

"ನಾನು ನೋಡಿದ ಮುಖ ಯಾವಾಗ್ಲೂ ಚಿಕ್ಕದಾಗ್ತಾ ಹೋಗ್ತಿತ್ತಮ್ಮ," ಎಂದರು. "ಇಷ್ಟು ದೊಡ್ಡದಾಗಿ ನೋಡಿದ್ರೆ ನನಗೆ ಗುರುತೇ ಸಿಗೋದಿಲ್ಲ."

ಮುದುಕಿ ಎರಡೂ ಫೋಟೋವನ್ನು ಕೈಗೆತ್ತಿಕೊಂಡಳು. ಒಬ್ಬನ ಕಿವಿ ಅವಳ ಕಿವಿಯ ಹಾಗೆಯೇ ಇತ್ತು. ಇನ್ನೊಬ್ಬನ ಹಣೆ ಅವಳ ಹಣೆಯ ಹಾಗಿತ್ತು.

"ನನಗಿದ್ದದ್ದು ಒಬ್ಬನೇ ಅಣ್ಣ," ಎಂದಳು ಮುದುಕಿ. ದನಿಯಲ್ಲಿ ಸಿಟ್ಟಿತ್ತು. "ಎರಡು ಮುಖ ಕೊಟ್ರೆ ಯಾವುದಕ್ಕೆ ಅಳಲಿ?"

ನಾದಿನಿ ಆಕೆಯ ಆರಿದ ಚಹಾವನ್ನು ತೆಗೆದುಕೊಂಡು ಹೋಗಿ ಬಿಸಿ ಮಾಡಿ ತಂದಳು. ಆಕೆ ಕುಡಿಯುತ್ತ ಕುಡಿಯುತ್ತ ಒಂದು ಫೋಟೋವನ್ನೇ ನೋಡತೊಡಗಿದಳು. ಆ ಹುಡುಗನ ಕಾಲರಿನ ಒಂದು ತುದಿ ಒಳಕ್ಕೆ ಮಡಚಿಕೊಂಡಿತ್ತು. ಸ್ಟುಡಿಯೋದವನೂ ಗಮನಿಸಿರಲಿಲ್ಲ. ಆಕೆ ಹೆಬ್ಬೆರಳಿನಿಂದ ಆ ಜಾಗವನ್ನು ಒಂದೆರಡು ಸಲ ಸವರಿದಳು, ಸರಿಪಡಿಸುವವಳ ಹಾಗೆ.

"ಇವನೇ," ಎಂದಳು.

ಮಗನಿಗೆ ಎದೆಯ ಭಾರ ಇಳಿದಂತಾಯಿತು. ಬರೆದುಬಿಡು, ಮೇಷ್ಟ್ರಿಗೆ ಈಗಲೇ ಫೋನು ಮಾಡೋಣ ಎಂದು ಹೆಂಡತಿಗೆ ಹೇಳಿದ. ತಾತನೂ ಹೌದು ಹೌದು ಇವನೇ ಎಂದು ತಲೆಯಾಡಿಸಿದರು. ಭಾನುವಾರ ಅವರು ಇನ್ನೊಬ್ಬನನ್ನು ತೋರಿಸಿ ಹೀಗೆಯೇ ತಲೆಯಾಡಿಸಿದ್ದನ್ನು ಸೊಸೆ ಕಂಡಿದ್ದಳು.

ಅವಳು ಮುದುಕಿಯ ಪಕ್ಕದ ಕುರ್ಚಿಯಲ್ಲಿ ಮೊದಲ ಸಲ ಕೂತಳು.

"ಅಮ್ಮ, ಈ ಫೋಟೋಗೆ ಒಂದು ಪ್ರತಿ ತೆಗೆಸಿ, ಚೌಕಟ್ಟು ಹಾಕಿಸಿ ನಿಮಗೆ ತಂದುಕೊಡ್ತೀನಿ. ನಿಮ್ಮ ಮನೇಲಿ ಇವರು ನಿಮ್ಮಣ್ಣನೇ. ಯಾರೂ ಅಲ್ಲ ಅನ್ನೋದಿಲ್ಲ. ಆದ್ರೆ ಗೋಡೆ ಮೇಲೆ ಹಾಗೆ ಬರೆಯೋಕೆ ನನ್ನ ಕೈ ಬರೋದಿಲ್ಲ. ಎರಡು ಫೋಟೋ, ಕೆಳಗೆ ಎರಡು ಹೆಸರು, ಯಾರು ಯಾರೋ ತಿಳಿಯದು ಅಂತ ಬರೆಸ್ತೀನಿ. ತಪ್ಪು ಮನೆಯವರದು ಅಂತಾನೂ ಬರೆಸ್ತೀನಿ."

"ಯಾಕೆ? ನಾನೇ ಹೇಳ್ತಿದ್ದೀನಲ್ಲ."

"ನಾಳೆ ಇನ್ನೊಬ್ಬನ ತಂಗಿ ಬಂದು, ಇದೇ ಫೋಟೋ ಹಿಡ್ಕೊಂಡು ಇವನೇ ಅಂದ್ರೆ?"

ಮಗ ತಲೆ ಚಚ್ಚಿಕೊಳ್ಳುವವನ ಹಾಗೆ ಹಣೆಗೆ ಕೈ ಇಟ್ಟುಕೊಂಡ. ಮುದುಕಿ ಸೊಸೆಯನ್ನು ದುರುಗುಟ್ಟಿ ನೋಡಿದಳು. ಆಮೇಲೆ ಮೇಜಿನ ಮೇಲೆ ಒಂಟಿಯಾಗಿ ಬಿದ್ದಿದ್ದ ಇನ್ನೊಂದು ಫೋಟೋವನ್ನು ನೋಡಿದಳು. ಅದು ಸ್ವಲ್ಪ ಅಂಚಿಗೆ ಬಂದಿತ್ತು. ಬೀಳದ ಹಾಗೆ ಒಳಕ್ಕೆ ಸರಿಸಿದಳು.

"ಬಂದ್ರೆ ನನ್ನ ವಿಳಾಸ ಕೊಡಮ್ಮ," ಎಂದಳು. "ಇಬ್ಬರೂ ಕೂತು ನೋಡ್ತೀವಿ."

ಸೊಸೆ ಪೆನ್ಸಿಲು ಹುಡುಕಿ ತಂದಳು. ಮುದುಕಿ ಬೀದಿ, ಮನೆ, ಮಹಡಿ ಎಂದು ಒಂದೊಂದೇ ಬಿಡಿಸಿ ಹೇಳತೊಡಗಿದಳು. ಅರ್ಧದಲ್ಲಿ ನಿಲ್ಲಿಸಿ, ಮೆಟ್ಟಿಲು ಕಡಿದಾಗಿದೆ, ಬರೋಳಿಗೂ ವಯಸ್ಸಾಗಿರತ್ತೆ, ಕೆಳಗಿನಿಂದಲೇ ಕೂಗು ಅಂತ ಹೇಳು, ನಾನೇ ಇಳಿದು ಬರ್ತೀನಿ ಎಂದು ಅದನ್ನೂ ಬರೆಸಿದಳು.